ಬಾಳವ್ವನ ಉಡಿ ತುಂಬಿದ ದಿನ

ನನಗೆ ಮೂರು ಕಾಲು, ಒಂದು ಬಾಯಿ. ಹೊಟ್ಟೆ ಮಾತ್ರ ಇಲ್ಲ. ಬಾಯಿಗೆ ಹಾಕಿದ ಕಾಳೆಲ್ಲ ಬಿದಿರಿನ ಕೊಳವೆಯಲ್ಲಿ ಜಾರಿ ನೇರ ಮಣ್ಣಿಗೆ ಹೋಗುತ್ತದೆ. ನಾನು ಕೂರಿಗೆ. ಎತ್ತುಗಳು ನನ್ನನ್ನು ಎಳೆಯುತ್ತವೆ, ಹಿಂದೆ ಒಬ್ಬ ಹೆಂಗಸು ನನ್ನ ಬಟ್ಟಲಿಗೆ ಬೀಜ ಬಿಡುತ್ತಾ ನಡೆಯುತ್ತಾಳೆ. ಹೊಳೆದಂಡೆಯ ಊರಿನಲ್ಲಿ ಬಡಿಗ ಮಾನಪ್ಪ ಜಾಲಿಮರ ಕಡಿದು ನನ್ನನ್ನು ಮಾಡಿದ. ಅದು ನನ್ನ ಒಡೆಯ ಹೊಳಬಸಪ್ಪನ ಮದುವೆಯ ವರ್ಷ. ಅವನ ಹೆಂಡತಿ ಬಾಳವ್ವ ಮನೆಗೆ ಬಂದ ತಿಂಗಳಲ್ಲೇ ನಾನೂ ಬಂದೆ. ಹಾಗಾಗಿ ಆ ಮನೆಗೆ ನಾವಿಬ್ಬರು ಸೊಸೆಯರು ಎಂದೇ ನಾನು ತಿಳಿದುಕೊಂಡಿದ್ದೇನೆ.

ನನ್ನ ಎತ್ತರಕ್ಕೆ ಅವಳ ಮುಖ ಕಾಣುವುದು ಅಪರೂಪ. ನಾನು ಬಲ್ಲದ್ದು ಅವಳ ಮುಷ್ಟಿಯನ್ನು. ಬೆಳಿಗ್ಗೆ ಲಿಂಗಪೂಜೆಗೆ ಅಂಗೈ ಚಾಚುತ್ತಿದ್ದಳು, ಆಮೇಲೆ ಅದೇ ಕೈಯಲ್ಲಿ ನನಗೆ ಕಾಳು ಬಿಡುತ್ತಿದ್ದಳು. ವಿಭೂತಿಯ ವಾಸನೆ ನನ್ನ ಬಟ್ಟಲಿಗೂ ಹತ್ತಿತ್ತು.

ಅಣೆಕಟ್ಟಿನ ನೀರು ಊರಿಗೆ ಬರುತ್ತದೆಂದು ಸರಕಾರ ಗುಡ್ಡದ ಮೇಲೆ ಹೊಸ ಜಾಗ ತೋರಿಸಿತು. ಊರವರು, ನೀರು ಹೊಸ್ತಿಲಿಗೆ ಬರಲಿ ನೋಡೋಣ ಎಂದು ಕೂತರು. ಬಾಳವ್ವ ಮಾತ್ರ ಗಂಡನನ್ನು ಹೊರಡಿಸಿದಳು.

"ಅಲ್ಲೇನೈತಿ? ಬರೇ ಕಲ್ಲು," ಎಂದ ಹೊಳಬಸಪ್ಪ.

"ಶಿವ ಅಲ್ಲೂ ಅದಾನ. ಕಲ್ಲು ಅವಗೇನ ಹೊಸಾದಲ್ಲ."

ಹೀಗೆ ಗುಡ್ಡ ಹತ್ತಿದ ಮೊದಲ ಬಂಡಿ ನಮ್ಮದೇ. ಮುಂದೆ ಗಂಡ ಹೆಂಡತಿ, ಹಿಂದೆ ಅತ್ತೆ ಮಲ್ಲವ್ವ ಗೊಣಗುತ್ತಾ, ಅವಳ ಕಾಲ ಬಳಿ ನಾನು. ತಗಡಿನ ಶೆಡ್ಡು, ಸುತ್ತ ಕಳ್ಳಿ, ಒಂದು ಕೊಡ ನೀರಿಗೆ ಮೈಲಿ ಇಳಿಯಬೇಕು. ಮೊದಲ ವರ್ಷ ಕರಿಮಣ್ಣಿನವರು ಮಾಡುವ ತಪ್ಪನ್ನೇ ಮಾಡಿದರು. ಹೊಳೆದಂಡೆಯಲ್ಲಿ ಬಿತ್ತುವಂತೆ ಮಳೆ ನಿಂತ ಮೇಲೆ ಹಿಂಗಾರಿ ಜೋಳವನ್ನು ಆಳಕ್ಕೆ ಇಳಿಸಿದರು. ಕರಿಮಣ್ಣು ತಿಂಗಳುಗಟ್ಟಲೆ ಹಸಿ ಹಿಡಿದುಕೊಳ್ಳುತ್ತದೆ. ಕಲ್ಲು ತುಂಬಿದ ಈ ಗರಸು ಮಣ್ಣಿಗೆ ಮೂರು ದಿನವೂ ಹಿಡಿದುಕೊಳ್ಳುವುದು ಗೊತ್ತಿಲ್ಲ. ಜೋಳ ಬೆರಳುದ್ದ ಬಂದು ಒಣಗಿಹೋಯಿತು. ನನ್ನ ಕೊಳವೆಗಳ ಮೇಲೆ ನನಗೇ ಸಿಟ್ಟು ಬಂತು.

ಬೇಸಿಗೆಯಲ್ಲಿ ಹೊಲದ ಕಲ್ಲು ಆರಿಸುವಾಗ ಒಂದು ಬಂಡೆಯಡಿ ಹಾವಿತ್ತು. ಹೊಳಬಸಪ್ಪ ಮನೆಯವರೆಗೆ ನಡೆದು ಬಂದ, ನೀರು ಕೇಳಿದ, ಕುಡಿಯುವಷ್ಟರಲ್ಲಿ ಹೋಗಿಬಿಟ್ಟ. ಅವನನ್ನು ಹೊಲದ ಅಂಚಿನಲ್ಲೇ ಮಣ್ಣು ಮಾಡಿದರು.

"ನೀನ ಕರಕೊಂಡ ಬಂದಿ ಇಲ್ಲಿಗೆ. ನೀನು ಮತ್ತ ನಿನ್ನ ಶಿವ," ಎಂದಳು ಮಲ್ಲವ್ವ. ಮರುದಿನ ಬಾಳವ್ವ ಎಂದಿನಂತೆ ಅಂಗೈ ಚಾಚಿ ಪೂಜೆಗೆ ಕೂತಳು. ನನಗೆ ಅಳು ಬರುವಂತಿದ್ದರೆ ಅವತ್ತು ಅತ್ತಿರುತ್ತಿದ್ದೆ.

ಅಷ್ಟರಲ್ಲಿ ಇನ್ನೂ ಹದಿನೈದು ಮನೆಗಳು ಗುಡ್ಡಕ್ಕೆ ಬಂದಿದ್ದವು. ಮುಂಗಾರಿನ ಮೊದಲ ಮಳೆ ಚೆನ್ನಾಗಿ ಹೊಡೆಯಿತು. ಮನೆಯಲ್ಲಿ ಉಳಿದದ್ದು ಒಂದು ಚೀಲ ಬೀಜದ ಸಜ್ಜೆ. ಅದೂ ಹುಟ್ಟದಿದ್ದರೆ ಅತ್ತೆ ಸೊಸೆ ಗೋವಾಕ್ಕೆ ದುಡಿಯಲು ಹೋಗಬೇಕು. ತಿರುಗಿ ಹೋಗೋಣವೆಂದರೆ ಊರಿನ ಮೇಲೆ ನೀರು ನಿಂತಿದೆ.

ನಮ್ಮ ಕಡೆ ಬಿತ್ತಿಗೆಗೆ ಮುಂಚೆ ಬೀಜ ಬಿಡುವವಳ ಸೆರಗಿನ ಉಡಿಗೆ ಮುತ್ತೈದೆಯರು ಐದು ಹಿಡಿ ಬೀಜ ತುಂಬಬೇಕು. ಗಂಡ ಸತ್ತವಳ ಉಡಿ ಯಾರೂ ತುಂಬುವುದಿಲ್ಲ, ಅವಳು ಬೀಜ ಬಿಡುವುದೂ ಇಲ್ಲ. ನೆರೆಯ ಗುರವ್ವ ಕೆಟ್ಟವಳೇನಲ್ಲ, ಬಾಗಿಲಿಗೇ ಬಂದು ಹೇಳಿದಳು.

"ನಮ್ಮ ಬಿತ್ತಿಗಿ ಮುಗೀಲಿ ಬಾಳವ್ವ. ನಾಕ ದಿನ ತಡಿ, ನಾವ ಬಂದು ಬಿತ್ತಿ ಕೊಡ್ತೀವಿ."

"ನಾಕ ದಿನ ಹಸಿ ಎಲ್ಲಿ ನಿಲ್ತೈತಿ, ಗುರವ್ವ?"

ಗುರವ್ವ ತಲೆ ತಗ್ಗಿಸಿ ಹೋದಳು. ಬಾಳವ್ವ ಎತ್ತು ಹೂಡಿ, ನನ್ನನ್ನು ಹೊಲಕ್ಕೆ ಎಳೆದು ತಂದಳು. ಮಲ್ಲವ್ವ ಹಿಂದೆಯೇ ಓಡಿ ಬಂದಳು.

"ಬ್ಯಾಡ ಯವ್ವಾ, ದೇವರು ಮುನೀತಾನ!"

"ಅತ್ತಿ, ಮುನಿದು ಇನ್ನೇನ ಕಸಗೊಳ್ತಾನ? ಅವ ಯಾರ ಹಣಿ ಮ್ಯಾಗ ಕುಂಕುಮ ಐತಿ ಅಂತ ನೋಡಿ ಮಳಿ ಕಳಿಸ್ಯಾನೇನು? ನಮ್ಮ ಹೊಲಕ್ಕೂ ಕಳಿಸ್ಯಾನ." ಬಾಳವ್ವ ಸೆರಗು ಬಿಚ್ಚಿ ಹಿಡಿದಳು. "ನೀನ ತುಂಬು."

"ನಾನಾ?" ಎಂದಳು ಮಲ್ಲವ್ವ. ಅವಳೂ ಗಂಡ ಸತ್ತವಳೇ. ಮೂವತ್ತು ವರ್ಷದಿಂದ ಯಾವ ಮದುವೆಯಲ್ಲೂ ಮುಂದೆ ನಿಂತವಳಲ್ಲ. ಅಂಥ ಮುದುಕಿ ಚೀಲಕ್ಕೆ ಕೈ ಹಾಕಿ, ತೆಗೆದು, ಮತ್ತೆ ಹಾಕಿದಳು. ಮೊದಲ ಹಿಡಿಯಲ್ಲಿ ಅರ್ಧ ಕಾಳು ನೆಲಕ್ಕೇ ಬಿತ್ತು. ಐದನೆಯ ಹಿಡಿಗೆ ಕೈ ಗಟ್ಟಿಯಾಯಿತು. ಸೆರಗಿನಿಂದ ಮೂಗು ಒರೆಸಿಕೊಂಡು, ನೇರ ಹೋಗಿ ಎತ್ತುಗಳ ಹಗ್ಗ ಹಿಡಿದಳು.

ಅವತ್ತಿನ ಸಾಲುಗಳ ಬಗ್ಗೆ ಕೇಳಬೇಡಿ. ಮುದುಕಿ ಎಳೆದ ಕಡೆ ಎತ್ತು, ಎತ್ತು ಹೋದ ಕಡೆ ನಾನು. ಮಾನಪ್ಪ ನೋಡಿದ್ದರೆ ನನ್ನನ್ನು ಒಲೆಗೆ ಹಾಕುತ್ತಿದ್ದ. ಆದರೆ ಈ ಸಲ ಬೀಜವನ್ನು ಎರಡೇ ಬೆರಳಿನಾಳಕ್ಕೆ ಇಳಿಸಿದೆವು. ಸಾಲು ಮುಗಿದಾಗಲೆಲ್ಲ ಬಾಳವ್ವ "ಶಿವಾ, ನೋಡ್ಕೊ" ಎಂದಳು.

ಐದನೆಯ ಬೆಳಿಗ್ಗೆ ಮಲ್ಲವ್ವನ ಕೂಗು ಕೇಳಿತು. ಸೊಟ್ಟಸೊಟ್ಟ ಸಾಲುಗಳಲ್ಲಿ ಸಜ್ಜೆ ಎದ್ದಿತ್ತು. ಅತ್ತೆ ಸೊಸೆ ಅಲ್ಲೇ ಕೂತು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಸಂತೋಷಕ್ಕೋ ಹೊಳಬಸಪ್ಪನಿಗೋ ನನಗೆ ತಿಳಿಯಲಿಲ್ಲ, ಅವರಿಗೂ ತಿಳಿದಿರಲಿಕ್ಕಿಲ್ಲ.

ಅವರು ಗೋವಾಕ್ಕೆ ಹೋಗಲಿಲ್ಲ. ಮಲ್ಲವ್ವ ಇನ್ನೂ ಒಂಬತ್ತು ಬಿತ್ತಿಗೆ ನೋಡಿ, ಮಗನ ಪಕ್ಕದಲ್ಲಿ ಮಲಗಿದಳು. ಆಮೇಲೆ ಊರಿಗೆ ಟ್ರ್ಯಾಕ್ಟರ್ ಬಂತು. ನಾನು ದನದ ಕೊಟ್ಟಿಗೆಯ ಮೂಲೆ ಸೇರಿದೆ. ಒಂದು ಕಾಲಿಗೆ ಹುಳ ಹತ್ತಿದೆ, ಕೊಳವೆಯಲ್ಲಿ ಜೇಡ ಮನೆ ಮಾಡಿದೆ. ಬೇಸರವಿಲ್ಲ. ದೇವರನ್ನು ನಾನು ಕಂಡಿಲ್ಲ. ಬಾಳವ್ವನನ್ನು ಕಂಡಿದ್ದೇನೆ, ನನ್ನಂಥ ಕಟ್ಟಿಗೆಗೆ ಅಷ್ಟು ಸಾಕು.

ಈಗ ಅವಳ ಬೆನ್ನು ಬಾಗಿದೆ, ಆದ್ದರಿಂದ ಕಡೆಗೂ ಅವಳ ಮುಖ ನನಗೆ ಕಾಣುತ್ತದೆ. ಇವತ್ತು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕೂತೇ ಪೂಜೆ ಮಾಡಿದಳು. ಅಂಗೈಯಲ್ಲಿದ್ದ ಲಿಂಗವನ್ನು ತುಂಬಾ ಹೊತ್ತು ನೋಡಿದಳು.

"ನನ್ನ ಗಂಡನ್ನ ಕರಕೊಂಡ್ಯಲ್ಲ, ಅದಕ್ಕ ನಾ ನಿನ್ನ ಇನ್ನೂ ಕ್ಷಮಿಸಿಲ್ಲ ನೋಡು," ಎಂದಳು. "ಇವತ್ತ ಬಿತ್ತಿಗಿ ಐತಿ. ಬಾ, ಹೋಗೂಣು."

ಕೋಲು ಹುಡುಕಿಕೊಂಡು ಎದ್ದು ಹೊಲದ ಕಡೆ ನಡೆದಳು.