ಮೂಳೆಗೆ ಬಳಿದ ಅಂಟು

ಹತ್ತಿ ಸುತ್ತಿದ ಕಡ್ಡಿಯನ್ನು ಅಸಿಟೋನಿನಲ್ಲಿ ಅದ್ದಿ ಮೂಳೆಗಳ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ತಜ್ಞೆ ಸಂಘಮಿತ್ರಾ ಮೂರನೇ ಸಲ ಉಜ್ಜಿದಳು. ಅಂಟು ಕರಗಲಿಲ್ಲ. ಉಬ್ಬಿ ಸಿಪ್ಪೆಯಂತೆ ಎದ್ದಿತು, ಜೊತೆಗೆ ಮೂಳೆಯ ಮೇಲ್ಪದರವೂ ಕಿತ್ತು ಬಂತು. ಡೈನೋಸಾರಿನ ತೊಡೆಮೂಳೆ ಅದು. ಕೋಟ್ಯಂತರ ವರ್ಷ ಮಣ್ಣಿನಡಿ ಬಾಳಿದ್ದು ಜಯನಗರದ ಈ ಕಾಲೇಜು ಮ್ಯೂಸಿಯಂನಲ್ಲಿ ಕಳೆದ ಕೆಲವೇ ವರ್ಷಗಳಲ್ಲಿ ಹಾಳಾಗಿತ್ತು.

"ಇದು ಬಡಗಿಗಳು ಹಾಕೋ ಬಿಳಿ ಗಮ್ಮು. ಯಾರು ರುದ್ರಮ್ಮ ಇದನ್ನ ಹಚ್ಚಿದ್ದು? ರಿಪೋರ್ಟು ಪ್ರಿನ್ಸಿಪಾಲರ ಹತ್ರ ಹೋಗತ್ತೆ, ಹೆಸರು ಬರೀಬೇಕು."

ಅಟೆಂಡರ್ ರುದ್ರಮ್ಮ ಗಾಜು ಒರೆಸುವ ಬಟ್ಟೆಯನ್ನು ಮಡಚತೊಡಗಿದಳು. ಅವಳ ಕೆಲಸ ಖಾಯಂ ಆಗುವ ಫೈಲೂ ಪ್ರಿನ್ಸಿಪಾಲರ ಮೇಜಿನ ಮೇಲೇ ಇತ್ತು.

ಹಚ್ಚಿದ್ದು ಅವಳೇ. ಗಂಡ ಚಿನ್ನಪ್ಪ ಇದ್ದಾಗ ಇಲ್ಲಿನ ಮೂಳೆಗಳೆಲ್ಲ ಅವನ ಸುಪರ್ದಿಯಲ್ಲಿದ್ದವು. ಪ್ಲಾಸ್ಟಿಕ್ಕಿನಂಥ ಅಂಟಿನ ಹರಳನ್ನು ಅಸಿಟೋನಿನಲ್ಲಿ ತೆಳ್ಳಗೆ ಕರಗಿಸಿ, ಬಿರುಕಿಗೆ ತೊಟ್ಟು ತೊಟ್ಟಾಗಿ ಕುಡಿಸುತ್ತಿದ್ದ. "ನಾವು ಹಾಕಿದ್ದನ್ನ ನಾಳೆ ಬರೋನು ತೆಗೆಯೋ ಹಂಗಿರ್ಬೇಕು ಕಣೇ" ಎನ್ನುತ್ತಿದ್ದ. ಅವನು ಸತ್ತ ಮೇಲೆ ಕೆಲಸ ಇವಳಿಗೆ ಬಂತು, ಹರಳಿನ ಡಬ್ಬಿ ಬರಿದಾಯಿತು. ಎರಡು ಸಲ ಕೇಳಿದರೂ ಹೊಸದು ಬರಲಿಲ್ಲ. ಆಯುಧಪೂಜೆಯ ಹಿಂದಿನ ದಿನ ಮೂಳೆ ಪುಡಿ ಉದುರಿಸತೊಡಗಿದಾಗ ಬನಶಂಕರಿಯ ಹಾರ್ಡ್‌ವೇರ್ ಅಂಗಡಿಯಿಂದ ಗಮ್ಮು ತಂದು, ನೀರು ಬೆರೆಸಿ, ಭಕ್ತಿಯಿಂದಲೇ ಬಳಿದಳು. ಶೋಕೇಸಿಗೆ ಕುಂಕುಮವಿಟ್ಟಾಗ ಮೂಳೆ ಫಳಫಳ ಹೊಳೆದಿತ್ತು. ಎಲ್ಲರೂ ಹೊಗಳಿದರು. ಹೊಗಳಿಕೆ ಯಾರಿಗೆ ಬೇಡ? ಆಮೇಲೆ ಪ್ರತಿ ಹಬ್ಬಕ್ಕೂ ಬಳಿದಳು.

"ನಮ್ಮನೆಯವ್ರು ಮೇಡಂ" ಎಂದಳು. "ತೀರ್ಕೊಂಡು ಐದು ವರ್ಷ ಆಯ್ತು."

ಸತ್ತವರಿಗೆ ಯಾರೂ ನೋಟಿಸು ಕೊಡುವುದಿಲ್ಲವಲ್ಲ!

"ಅಯ್ಯೋ ಪಾಪ" ಎಂದಳು ಸಂಘಮಿತ್ರಾ. "ಅವ್ರಿಗೆ ಗೊತ್ತಿರ್ಲಿಲ್ಲ ಅನ್ಸತ್ತೆ."

ಬೈದಿದ್ದರೆ ರುದ್ರಮ್ಮ ತಡೆದುಕೊಳ್ಳುತ್ತಿದ್ದಳು. ಆ 'ಪಾಪ' ಸುಟ್ಟಿತು. ಗೊತ್ತಿದ್ದದ್ದು ಅವನೊಬ್ಬನಿಗೇ ಎಂದು ಕೂಗಬೇಕೆನಿಸಿತು.

ಸಂಘಮಿತ್ರಾ ಅವನ ಹೆಸರು, ಹುದ್ದೆ ಕೇಳಿಕೊಂಡು ದಪ್ಪ ಕಾರ್ಡಿನ ಮೇಲೆ ಬರೆದಳು: 'ತಪ್ಪು ಅಂಟಿನಿಂದ ಹಾನಿ. ಬಳಿದವರು: ಚಿನ್ನಪ್ಪ, ಅಟೆಂಡರ್.' ಮೂಳೆಯ ಪಕ್ಕಕ್ಕೇ ಇಟ್ಟಳು.

"ಇದನ್ನ ತೆಗೀಬೇಡಿ. ಮುಂದೆ ರಿಪೇರಿ ಮಾಡೋರಿಗೆ ಗೊತ್ತಾಗ್ಬೇಕು."

ಮೂವತ್ತು ವರ್ಷ ದುಡಿದರೂ ಇಲ್ಲಿನ ಯಾವ ಚೀಟಿಯಲ್ಲೂ ಚಿನ್ನಪ್ಪನ ಹೆಸರು ಇರಲಿಲ್ಲ.

ಸಂಘಮಿತ್ರಾ ಹೋದ ಮೇಲೆ ರುದ್ರಮ್ಮ ದಿನದಂತೆ ಶೋಕೇಸಿನ ಗಾಜು ಒರೆಸಿದಳು. ಕಾರ್ಡಿನ ಎದುರಿಗೆ ಬಂದಾಗ ಕೈ ನಿಂತಿತು. ಗಂಡನ ಹೆಸರಿಗೆ ಅಡ್ಡವಾಗಿದ್ದ ಅಷ್ಟು ಜಾಗದ ಧೂಳನ್ನು ಹಾಗೆಯೇ ಬಿಟ್ಟಳು.