ಎಡಗಡೆ ಕಾಲಿಂಚು

"ಕೈ ಎತ್ತು ಅಂದ್ರೆ ಎತ್ತಬೇಕಪ್ಪಾ. ಅರ್ಧ ಎತ್ತಿ ನಿಂತ್ರೆ ನಾನೇನು ಅರ್ಧ ಬನಿಯನ್ ಹೊಲೀಲಾ?"

ಬೀಗದಣ್ಣ ಇನ್ನೆರಡು ಬೆರಳಿನಷ್ಟು ಎತ್ತಿದ. ಟೈಲರಕ್ಕನಿಗೆ ರೇಗಿತು. ಶಾಲೆಗಳು ಶುರುವಾಗಲು ಹತ್ತು ದಿನ ಬಾಕಿ, ಮೇಜಿನ ಮೇಲೆ ನಲವತ್ತು ಜೊತೆ ಸಮವಸ್ತ್ರ ಕತ್ತರಿಗೆ ಕಾದು ಬಿದ್ದಿದ್ದವು. ಅವನ ಎಡ ಮೊಣಕೈಯನ್ನು ತಾನೇ ಹಿಡಿದು ನೆಟ್ಟಗೆ ಮೇಲೆತ್ತಿ, ಟೇಪನ್ನು ಬೆನ್ನ ಹಿಂದಿನಿಂದ ತಂದಳು.

ಎದುರು ಸಾಲಿನಲ್ಲಿ ಬೀಗ ರಿಪೇರಿ ಮಾಡುವ, ನಕಲು ಕೀಲಿ ಅರೆದುಕೊಡುವ ಅಂಗಡಿ ಅವನದು. ಇಡೀ ಬೀದಿಗೆ ಬೀಗದಣ್ಣ. ಹುಟ್ಟಿದಾಗ ಹೆಣ್ಣೆಂದು ಬರೆಸಿದ್ದರು. ಇಪ್ಪತ್ತೆರಡು ವರ್ಷಗಳಿಂದ ಗಂಡಾಗಿ ಬದುಕುತ್ತಿದ್ದಾನೆ. ಅಂಗಿಯೊಳಗೆ ಎದೆ ಸಮತಟ್ಟಾಗಿ ಕಾಣಲೆಂದು ಅವನು ತೊಡುವ ಬಿಗಿ ಬನಿಯನ್ನನ್ನು ಹನ್ನೊಂದು ವರ್ಷಗಳಿಂದ ಹೊಲಿದುಕೊಡುತ್ತಿರುವವಳು ಇವಳೇ. ಬಾಯಿಂದ ಬಾಯಿಗೆ ಸುದ್ದಿ ಹೋಗಿ ಈಗ ಅಂಥ ಗಿರಾಕಿಗಳು ಏಳೆಂಟು ಜನ ಆಗಿದ್ದರು. ಗೋಡೆಯ ಮೊಳೆಗೆ ತೂಗುಹಾಕಿದ್ದ ಬನಿಯನ್ನುಗಳನ್ನು ನೋಡಿ ಯಾರಾದರೂ ಕೇಳಿದರೆ "ಬೆನ್ನುನೋವಿನವರದ್ದು" ಅಂದು ಬಾಯಿ ಮುಚ್ಚಿಸುತ್ತಿದ್ದಳು.

ಎದೆಯ ಸುತ್ತಳತೆಯನ್ನು ಒಂದೇ ಸಲಕ್ಕೆ ತೆಗೆಯುವುದು ಅವಳ ಪದ್ಧತಿಯಲ್ಲ. ಬೆನ್ನಿನ ನಡುವಿನಿಂದ ಎದೆಯ ನಡುವಿನವರೆಗೆ, ಬಲ ಬೇರೆ, ಎಡ ಬೇರೆ. ಯಾರ ಮೈಯೂ ಎರಡು ಕಡೆ ಸಮ ಇರುವುದಿಲ್ಲ ಎಂದು ಅವಳಿಗೆ ಕೆಲಸ ಕಲಿಸಿದ ಮುದುಕ ಹೇಳಿಕೊಟ್ಟಿದ್ದ. ಬಲಗಡೆ ಹದಿನೇಳು ಬಂತು. ಎಡಗಡೆ ಹದಿನೇಳು ಮುಕ್ಕಾಲು. ತಪ್ಪಾಗಿ ಹಿಡಿದೆನೇನೋ ಎಂದು ಟೇಪನ್ನು ಕಂಕುಳಿನ ಕೆಳಗೆ ಒತ್ತಿ ಮತ್ತೆ ಎಳೆದಳು. ಬೆರಳಿಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಕೋಟಿನ ಗುಂಡಿಯಷ್ಟು ದೊಡ್ಡದು. ಒತ್ತಿದರೂ ಜರುಗಲಿಲ್ಲ.

"ಏನಿದು?"

"ಗಂಟು." ಅವನು ಕೈ ಇಳಿಸಿಬಿಟ್ಟ. "ನಿನ್ನ ಹೊಲಿಗೆ ಒತ್ತಿ ಒತ್ತಿ ಆಗಿರೋದು. ಎಡಗಡೆ ಬಿಗಿ, ಎಡಗಡೆ ಬಿಗಿ ಅಂತ ಎಷ್ಟು ಸಲ ಬಡಕೊಂಡಿಲ್ಲ ನಾನು?"

ಮೂವತ್ತು ವರ್ಷ ಕತ್ತರಿ ಹಿಡಿದವಳಿಗೆ ಹೊಲಿಗೆ ಸರಿಯಿಲ್ಲ ಅಂದರೆ ಮುಗಿಯಿತು. ಅಳತೆ ಪುಸ್ತಕ ಎಳೆದು, 'ಬೀಗದಣ್ಣ' ಎಂದು ಮೇಲೆ ಬರೆದಿದ್ದ ಹಾಳೆ ತೆಗೆದು, ಅವನ ಮುಖಕ್ಕೆ ಹಿಡಿಯಬೇಕೆಂದು ಹೊರಟವಳು ಹಾಗೆಯೇ ನಿಂತಳು. ಹೋದ ವರ್ಷ ಶಾಲೆ ಶುರುವಾಗುವ ಹೊತ್ತಿಗೆ: ಎಡ ಹದಿನೇಳು, ಬಲ ಹದಿನೇಳು. ಆಮೇಲೆ ಮೂರು ತಾರೀಖು, ಮೂರು ಸಾಲು, ಎಲ್ಲ ಅವಳದೇ ಪೆನ್ಸಿಲ್ ಅಕ್ಷರ. 'ಎಡಗಡೆ ಕಾಲಿಂಚು ಬಿಡು.' 'ಎಡಗಡೆ ಕಾಲಿಂಚು ಬಿಡು.' 'ಎಡಗಡೆ ಕಾಲಿಂಚು ಬಿಡು.'

ಮೈ ಕೇಳಿದ ಹಾಗೆಲ್ಲ ಬಟ್ಟೆ ಬಿಟ್ಟುಕೊಟ್ಟಿದ್ದಳು. ಯಾಕೆ ಕೇಳುತ್ತಿದೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಆದರೂ ಬಾಯಲ್ಲಿ ಬಂದದ್ದು ಬೆಂಕಿಯೇ.

"ಎಷ್ಟು ದಿನದಿಂದ ಇದೆ ಇದು? ಆಸ್ಪತ್ರೆಗೆ ತೋರಿಸಿದ್ಯಾ?"

"ನೋಡೋಣ."

"ಏನು ನೋಡೋಣ? ತಿಂಗಳು ತಿಂಗಳು ಇಲ್ಲೇ ನಿಂತ್ಕೊಂಡು ಊರಿಗೆಲ್ಲ ಬುದ್ಧಿ ಹೇಳ್ತೀಯಲ್ಲ! ಹೇಳೋದು ಪುರಾಣ, ತಿನ್ನೋದು ಬದನೆಕಾಯಿ!"

ಅದು ಸುಳ್ಳಲ್ಲ. ಪ್ರತಿ ತಿಂಗಳ ಎರಡನೇ ಭಾನುವಾರ ಅವಳ ಅಂಗಡಿಯಲ್ಲೇ ಸಭೆ. ಷಟರು ಅರ್ಧ ಇಳಿಸಿ, ಕತ್ತರಿ ಮೇಜನ್ನು ಗೋಡೆಗೆ ಸರಿಸಿ, ಹದಿನೈದು ಇಪ್ಪತ್ತು ಜನ ಕೂರುತ್ತಿದ್ದರು. ಗಂಡಿನ ಜೊತೆ ಬದುಕುವ ಗಂಡಸರು, ಒಟ್ಟಿಗೆ ಬೇಕರಿ ನಡೆಸುತ್ತ ಒಂದೇ ಮನೆಯಲ್ಲಿರುವ ಇಬ್ಬರು ಹೆಂಗಸರು, ಬೀಗದಣ್ಣನಂಥವರು, ಬೀದಿ ತುದಿಯ ಹೂವಿನಂಗಡಿಯವಳ ಹಾಗೆ ಗಂಡಾಗಿ ಹುಟ್ಟಿ ಹೆಣ್ಣಾದವರು. ಹಿಂದೆ ಯಾವುದೋ ತರಬೇತಿಯಲ್ಲಿ ಕೊಟ್ಟ ದೊಡ್ಡ ಚಿತ್ರದ ಹಾಳೆಗಳ ಕಟ್ಟನ್ನು ಬೀಗದಣ್ಣ ಮೊಳೆಗೆ ತೂಗುಹಾಕಿ ಒಂದೊಂದೇ ಹಾಳೆ ಮಗುಚುತ್ತಿದ್ದ. ರಕ್ತ ಪರೀಕ್ಷೆ, ಕಾಂಡೋಮು, ಡಾಕ್ಟರನ್ನು ಕೇಳದೆ ಹಾರ್ಮೋನು ನುಂಗಬಾರದು ಅನ್ನುವುದು, ನಿದ್ದೆ ಬರದಿದ್ದರೆ ಯಾರ ಹತ್ತಿರ ಹೇಳಬೇಕು ಅನ್ನುವುದು. "ಊಟ ಬಿಟ್ರೂ ತಪಾಸಣೆ ಬಿಡಬೇಡಿ!" ಎಂದು ಮೇಜು ಕುಟ್ಟುತ್ತಿದ್ದ. ಮೂಲೆಯಲ್ಲಿ ಗುಂಡಿಗಳಿಗೆ ಕಾಜಾ ಹಾಕುತ್ತ ಕೂತ ಟೈಲರಕ್ಕನಿಗೆ ಅಷ್ಟೂ ಬಾಯಿಪಾಠ.

"ನಿನಗೇನು ಗೊತ್ತು ಆ ಆಸ್ಪತ್ರೆ," ಅಂದ ಅವನು ಅಂಗಿ ಹಾಕಿಕೊಳ್ಳುತ್ತ. "ಆರು ವರ್ಷದ ಹಿಂದೆ ಹೊಟ್ಟೆನೋವು ಅಂತ ಹೋಗಿದ್ದೆ. ಕಾರ್ಡಲ್ಲಿರೋ ಹಳೇ ಹೆಸರು ಹಿಡಿದು ಮೂರು ಸಲ ಕೂಗಿದರು. ಹಾಲ್ ತುಂಬ ಜನ. ನಾನು ಏಳಲೇ ಇಲ್ಲ. ಹೊಟ್ಟೆ ಹಿಡ್ಕೊಂಡು ಹಾಗೇ ಮನೆಗೆ ಬಂದೆ. ಈಗ ಎದೆ ಅಂದ್ರೆ ಹೆಂಗಸರ ವಾರ್ಡಂತೆ. ಬೇಕಾ ನನಗೆ?"

"ಸರಿ. ಹಾಗಾದ್ರೆ ಬನಿಯನ್ನೂ ಬೇಡ."

"ಅಕ್ಕಾ..."

"ತೋರಿಸ್ಕೊಂಡು ಬರೋವರೆಗೂ ನಿನ್ನ ಬಟ್ಟೆಗೆ ಸೂಜಿ ಮುಟ್ಟಿಸೋದಿಲ್ಲ. ಸಡಿಲ ಮಾಡೋಕೆ ಇರೋ ಎರಡನ್ನೂ ಕೊಟ್ಟಿದ್ಯಲ್ಲ, ಅವೂ ವಾಪಸ್ ಇಲ್ಲ." ಎರಡು ಬನಿಯನ್ನನ್ನೂ ಕಪಾಟಿಗೆ ಹಾಕಿ ಬೀಗ ಜಡಿದಳು. ಬೀದಿಯ ಯಾವ ಬೀಗವನ್ನಾದರೂ ನಿಮಿಷದಲ್ಲಿ ತೆಗೆಯಬಲ್ಲವನು ಆ ಬೀಗವನ್ನು ಒಂದು ಕ್ಷಣ ನೋಡಿದ. ಆಮೇಲೆ ರಸ್ತೆ ದಾಟಿ ಹೋದ.

ಮರುದಿನದಿಂದ ಆ ಸುಡುಬಿಸಿಲಲ್ಲಿ ಬೀಗದಣ್ಣ ದಪ್ಪ ಕೋಟು ತೊಟ್ಟು ಅಂಗಡಿಯಲ್ಲಿ ಕೂತ. ಟೈಲರಕ್ಕನಿಗೆ ಮಿಷನ್ನಿನ ಹಿಂದಿನಿಂದ ಎಲ್ಲ ಕಾಣುತ್ತಿತ್ತು. ಕತ್ತಿನಿಂದ ಬೆವರು ಇಳಿಯುವುದು, ಗಿರಾಕಿ ಬಂದಾಗ ಎದೆಗೆ ಅಡ್ಡಲಾಗಿ ಕೈ ಕಟ್ಟುವುದು, ಕೀಲಿ ಅರೆಯುವಾಗ ಗೋಡೆಯತ್ತ ತಿರುಗಿಕೊಳ್ಳುವುದು. ಪಾಪ ಅನಿಸುತ್ತಿತ್ತು, ಮರುಗಳಿಗೆಗೆ ಮೈಯೆಲ್ಲ ಉರಿಯುತ್ತಿತ್ತು. ಸಾಯುತ್ತಾನೆಯೇ ಹೊರತು ಹೋಗುವುದಿಲ್ಲವಲ್ಲ, ಮೂರ್ಖ! ಅದಕ್ಕಿಂತ ಹೆಚ್ಚಾಗಿ, ಅವನು ಅಂದ ಮಾತು ಮುಳ್ಳಾಗಿ ಒಳಗೇ ಉಳಿದಿತ್ತು. ನಿನ್ನ ಹೊಲಿಗೆ ಒತ್ತಿ ಒತ್ತಿ ಆಗಿರೋದು. ನಿಜವಿದ್ದರೆ? ಸಮವಸ್ತ್ರದ ಎರಡು ತೋಳನ್ನು ಉಲ್ಟಾ ಕೂರಿಸಿ ಬಿಚ್ಚಿದಳು. ಎರಡು ಸಲ ಬೆರಳಿಗೆ ಸೂಜಿ ಹೊಡೆದುಕೊಂಡಳು.

ಐದನೇ ದಿನ ಭಾನುವಾರ, ಸಭೆ. ಕೋಟು ತೊಟ್ಟೇ ಬಂದ, ತೊಟ್ಟೇ ಮಾತಾಡಿದ. ಯಾರೋ "ಅಣ್ಣನಿಗೆ ಚಳಿಜ್ವರವಾ?" ಅಂದರು, ನಗು ಎದ್ದಿತು. ಅವನು ಹಾಳೆ ಮಗುಚಿದ. ಎಂದಿನಂತೆ, ಮಧ್ಯದಲ್ಲಿ ಎರಡು ಹಾಳೆ ಒಟ್ಟಿಗೆ ಮಗುಚಿಕೊಂಡವು. ಇಷ್ಟು ವರ್ಷ ನೋಡಿಯೂ ನೋಡದಂತಿದ್ದ ಟೈಲರಕ್ಕ ಅಂದು ಸೂಜಿ ಕೆಳಗಿಟ್ಟಳು.

"ಒಂದು ಹಾಳೆ ಬಿಟ್ಟೆ."

"ಅಂಟ್ಕೊಂಡಿದೆ ಅಕ್ಕ. ತೇವಕ್ಕೆ."

ಅವಳು ಎದ್ದು ಬಂದು ಅಂಚನ್ನು ಬೆರಳಿನಿಂದ ಸವರಿದಳು. "ತೇವ ಅಂದ್ರೆ ನಾಲ್ಕು ಮೂಲೆಗೂ ಅಳತೆ ಹಿಡಿದು ಗೋಂದು ಹಚ್ಚುತ್ತಾ?" ಹೊಲಿಗೆ ಬಿಚ್ಚುವ ಬ್ಲೇಡನ್ನು ಸಂದಿಗೆ ತೂರಿಸಿ ಮೂಲೆಯಿಂದ ಮೂಲೆಗೆ ಎಳೆದಳು. ಹಾಳೆ ಬಿಟ್ಟುಕೊಂಡಿತು. ಒಬ್ಬ ಹೆಂಗಸಿನ ಚಿತ್ರ. ಒಂದು ಕೈ ತಲೆಯ ಮೇಲೆ, ಇನ್ನೊಂದು ಕೈಯ ಬೆರಳುಗಳು ಕಂಕುಳಿನ ಕೆಳಗೆ. 'ನೋವಿಲ್ಲದ ಗಂಟನ್ನೂ ಕಡೆಗಣಿಸಬೇಡಿ.'

ಬೀಗದಣ್ಣನ ಮುಖ ಕೆಂಪಾಯಿತು. "ಹೆಂಗಸಿನ ಚಿತ್ರ ಇತ್ತು... ನಮಗೆ ಸಂಬಂಧಪಟ್ಟಿದ್ದಲ್ಲ ಅಂತ ನಾನೇ..."

"ನಮಗೆ ಅಂದ್ರೆ ಯಾರಿಗಣ್ಣ?"

ಕೇಳಿದವಳು ಬೇಕರಿಯ ದೊಡ್ಡವಳು. ಜೋರಾಗೇನೂ ಕೇಳಲಿಲ್ಲ. ಪಕ್ಕದಲ್ಲಿ ಕೂತ ಚಿಕ್ಕವಳು ತಲೆ ತಗ್ಗಿಸಿದ್ದಳು.

"ಮೂರು ವರ್ಷದಿಂದ ಬರ್ತಿದ್ದೀವಿ. ಡಾಕ್ಟರ್ ಹತ್ರ ಹೋದ್ರೆ ಗಂಡ ಏನ್ ಮಾಡ್ತಾನೆ, ಮಕ್ಕಳೆಷ್ಟು, ಅದೇ ಮೊದಲು. ಇವಳನ್ನ ಏನಂತ ಹೇಳ್ಲಿ ನಾನು? ಸಾಕಾಗಿ ಹೋಗೋದೇ ಬಿಟ್ವಿ. ನೀನು ಇಲ್ಲಿ ಹೇಳ್ತೀಯಲ್ಲ ಅಂತ ಬರೋದು. ಆ ಹಾಳೆ ನಮಗೆ ಬೇಕಿತ್ತಣ್ಣ."

ಬೀಗದಣ್ಣ ಹಾಳೆಯಲ್ಲಿದ್ದುದನ್ನು ಮೊದಲಿಂದ ಕೊನೆಯವರೆಗೆ ಓದಿದ, ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ, ತಲೆ ಎತ್ತದೆ. 'ಕಂಕುಳು' ಅನ್ನುವಲ್ಲಿ ಒಂದು ಸಲ ತಡೆದ.

ಮರುದಿನ ಬೆಳಗ್ಗೆ ಟೈಲರಕ್ಕ ಷಟರು ಎತ್ತುವಾಗ ಅವನು ಮೆಟ್ಟಿಲ ಮೇಲೆ ಕೂತಿದ್ದ. "ಎತ್ತಬೇಡ. ನಡಿ, ಹೋಗೋಣ," ಅಂದ. ಅವಳು ಅರ್ಧ ಎತ್ತಿದ್ದ ಷಟರಿನಡಿ ಒಳಗೆ ಹೋಗಿ ಅಳತೆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಬಂದಳು.

ಆಸ್ಪತ್ರೆ ಮಾತ್ರ ಆರು ವರ್ಷದಲ್ಲಿ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಚೀಟಿ ಬರೆಯುವವನು ಕಾರ್ಡು ನೋಡಿದ, ಬೀಗದಣ್ಣನ ಮೀಸೆ ನೋಡಿದ, ಮತ್ತೆ ಕಾರ್ಡು ನೋಡಿದ. "ಪೇಷಂಟ್ ಬಂದಿಲ್ವಾ?" ಅಂದ. "ಬಂದಿದ್ದಾರೆ, ನೀವು ಬರೀರಿ," ಎಂದು ಟೈಲರಕ್ಕ ಗದರಿದಳು. ಕೌಂಟರ್ ಮೂರರಿಂದ ಏಳಕ್ಕೆ ಕಳಿಸಿದರು, ಏಳರಿಂದ ಮೂರಕ್ಕೆ. ಎರಡು ಗಂಟೆ ಬೆಂಚಿನ ಮೇಲೆ ಕೂತ ಮೇಲೆ ನರ್ಸು ಬಾಗಿಲಿಗೆ ಬಂದು ಆ ಹಳೇ ಹೆಸರು ಕೂಗಿದಳು.

ಬೀಗದಣ್ಣ ನೆಲ ನೋಡುತ್ತ ಕೂತ. ಎರಡನೇ ಸಲ ಕೂಗಿದಳು. ಅವನು ಏಳುವ ಲಕ್ಷಣವಿಲ್ಲ. ಮೂರನೇ ಸಲಕ್ಕೆ ಬೇರೆಯವರನ್ನು ಕರೆದುಬಿಡುತ್ತಾರೆ ಎಂದು ಟೈಲರಕ್ಕನೇ ದಡಬಡಿಸಿ ಎದ್ದು "ಇದ್ದೀವಿ, ಇದ್ದೀವಿ!" ಅಂದಳು. ಬಾಗಿಲ ಕಾವಲಿನವನು ಅವಳನ್ನು ಒಳಗೆ ಬಿಟ್ಟು, ಹಿಂದೆ ಎದ್ದ ಬೀಗದಣ್ಣನ ಎದೆಗೆ ಲಾಠಿ ಅಡ್ಡ ಹಿಡಿದ.

"ಗಂಡಸರಿಗೆ ಒಳಗೆ ಬಿಡೋದಿಲ್ಲ ಸಾರ್. ಯಜಮಾನ್ರು ಇಲ್ಲೇ ಕೂತಿರಿ. ಅಮ್ಮನೋರು ನೋಡಿಸ್ಕೊಂಡು ಬರ್ತಾರೆ."

ಆ ಯಜಮಾನರು ತಕ್ಷಣ ಕೂತೂಬಿಟ್ಟರು! ಟೈಲರಕ್ಕನಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಒಳಗೆ ಡಾಕ್ಟರಮ್ಮ ತಲೆ ಎತ್ತದೆ ಪರದೆಯತ್ತ ಕೈ ತೋರಿಸಿದರು. "ಮೇಲಿನ ಬಟ್ಟೆ ತೆಗೆದು ಮಲಕ್ಕೊಳ್ಳಿ."

"ನನಗಲ್ಲ ಡಾಕ್ಟ್ರೇ! ಹೊರಗೆ ಕೂತಿದ್ದಾನೆ."

"ಯಾರು?"

ಎಲ್ಲಿಂದ ಶುರು ಮಾಡುವುದು? ಎರಡು ಗಂಟೆ ಬೆಂಚಿನ ಮೇಲೆ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತೇಹೋಯಿತು. ಪುಸ್ತಕ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟಳು. "ನಾನು ಟೈಲರು. ಇದು ಅವನ ಅಳತೆ. ಎಡಗಡೆ ನೋಡಿ. ವರ್ಷಕ್ಕೆ ಮುಕ್ಕಾಲಿಂಚು. ನಾನು ದಡ್ಡಿ, ಬಿಟ್ಟುಕೊಡ್ತಾನೇ ಹೋದೆ. ಕಂಕುಳಿನ ಕೆಳಗೆ ಗುಂಡಿಯಷ್ಟು ಗಟ್ಟಿ ಇದೆ. ಬಿಗಿ ಬನಿಯನ್ ನಾನೇ ಹೊಲಿದಿದ್ದು. ಅದರಿಂದಲೇ ಬಂತಾ ಡಾಕ್ಟ್ರೇ? ಅಷ್ಟು ಹೇಳಿಬಿಡಿ."

ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಸಾಲುಗಳ ಮೇಲೆ ಬೆರಳಾಡಿಸಿದರು. ಒಂದೊಂದು ತಾರೀಖಿಗೂ ನಿಂತರು. ನರ್ಸನ್ನು ಕರೆದು ಆ ಹಾಳೆಯ ಫೋಟೋ ತೆಗೆಸಿದರು.

"ಬಟ್ಟೆಯಿಂದ ಇಂಥದ್ದು ಬರೋದಿಲ್ಲಮ್ಮ," ಅಂದರು. "ಬಂದಿದ್ದನ್ನ ಇಷ್ಟು ದಿನ ಬಿಟ್ಟಿದ್ದು ತಪ್ಪು. ಅಷ್ಟೇ."

ಟೈಲರಕ್ಕನ ಕಣ್ಣು ತುಂಬಿಬಂತು. ಐದಾರು ದಿನದಿಂದ ಹಿಡಿದಿಟ್ಟುಕೊಂಡಿದ್ದ ಉಸಿರು ಬಿಟ್ಟಳು.

ಡಾಕ್ಟರಮ್ಮ ನರ್ಸಿಗೆ ಹೇಳಲಿಲ್ಲ. ತಾವೇ ಎದ್ದು, ಪುಸ್ತಕ ಕೈಯಲ್ಲಿ ಹಿಡಿದೇ ಬಾಗಿಲಿಗೆ ಹೋದರು. ಹಾಳೆಯ ತಲೆಯಲ್ಲಿ ಪೆನ್ಸಿಲ್ಲಿನಿಂದ ಬರೆದಿದ್ದನ್ನು ನೋಡಿಕೊಂಡು ಹಾಲ್ ಪೂರ್ತಿ ಕೇಳುವಂತೆ ಕರೆದರು.

"ಬೀಗದಣ್ಣ ಯಾರಪ್ಪಾ? ಬನ್ನಿ ಒಳಗೆ."

ಕಾವಲಿನವನು ಲಾಠಿ ಇಳಿಸಿದ. ಬೀಗದಣ್ಣ ಎದ್ದ. ಅಷ್ಟು ಜನರ ನಡುವೆ ಕೋಟಿನ ಗುಂಡಿ ಬಿಚ್ಚಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ, ಆದರೆ ನೆಟ್ಟಗೆ ನಡೆದು ಬಂದ.

ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆಗೆ ತುಣುಕು ತೆಗೆದರು. ಫಲಿತಾಂಶ ಗುರುವಾರಕ್ಕೆ. ಏನೇ ಬಂದರೂ ಗಂಟನ್ನು ತೆಗೆಯಲೇಬೇಕು, ಅಲ್ಲಿಯವರೆಗೆ ಬಿಗಿ ಬನಿಯನ್ ತೊಡುವಂತಿಲ್ಲ, ಮುಂಭಾಗದಲ್ಲಿ ಗುಂಡಿಯಿರುವ ಸಡಿಲ ಅಂಗಿ ಎರಡು ಬೇಕು ಅಂದರು. ವಾಪಸ್ ಬರುವಾಗ ಬೀದಿಯ ತಿರುವಿನಲ್ಲಿ ಅವನು "ಹೆದರಿಕೆ ಆಗ್ತಿದೆ ಅಕ್ಕ," ಅಂದ. "ನನಗೂ," ಅಂದಳು ಅವಳು.

ಅಂಗಡಿಯ ಮೆಟ್ಟಿಲ ಮೇಲೆ ಬೇಕರಿಯವರಿಬ್ಬರೂ ಕಾದು ಕೂತಿದ್ದರು, ಕೆಲಸದ ನಡುವೆ ಎದ್ದು ಬಂದ ವೇಷದಲ್ಲೇ. ಬೆಳಗ್ಗೆ ಇವರಿಬ್ಬರೂ ಆಸ್ಪತ್ರೆಯ ದಾರಿ ಹಿಡಿದದ್ದನ್ನು ಬೇಕರಿಯಿಂದ ಕಂಡಿದ್ದರಂತೆ. ಡಾಕ್ಟರು ಏನಂದರು ಎಂದು ಕೇಳಿದರು. ಬೀಗದಣ್ಣನೇ ಹೇಳಿದ, ಒಂದನ್ನೂ ಮುಚ್ಚಿಡದೆ. ದೊಡ್ಡವಳು ಟೈಲರಕ್ಕನ ಕಡೆ ತಿರುಗಿದಳು.

"ಅಕ್ಕ, ಇವಳಿಗೂ ಒಂದು ಸಲ ತೋರಿಸಬೇಕು. ನಮ್ಮ ಜೊತೆ ಬರ್ತೀಯಾ? ಆ ಪುಸ್ತಕ ತಗೊಂಡು?"

"ನನಗೇನು ಬೇರೆ ಕೆಲಸ ಇಲ್ವಾ?" ಟೈಲರಕ್ಕ ಷಟರನ್ನು ಸಿಟ್ಟಿನಿಂದ ಮೇಲಕ್ಕೆ ತಳ್ಳಿದಳು. "ಇನ್ನೂ ಇಪ್ಪತ್ತು ಜೊತೆ ಸಮವಸ್ತ್ರ ಬಿದ್ದಿದೆ! ನಾನೇನು ಟೈಲರೋ, ವಾರ್ಡಿನ ಆಯಾನೋ? ಒಬ್ಬನನ್ನ ಎಳ್ಕೊಂಡು ಹೋಗಿ ಬರೋಷ್ಟರಲ್ಲಿ ಪ್ರಾಣ ಹೋಗಿದೆ..."

ಬಯ್ಯುತ್ತಲೇ ಫ್ಯಾನು ಹಾಕಿದಳು, ಬಯ್ಯುತ್ತಲೇ ಪೆನ್ಸಿಲ್ ಕೆತ್ತಿದಳು. ಬೀಗದಣ್ಣ ಕೋಟನ್ನು ಬಿಚ್ಚಿ ಬನಿಯನ್ನುಗಳ ಪಕ್ಕದ ಮೊಳೆಗೆ ತೂಗುಹಾಕಿ, ತೆಳು ಅಂಗಿಯಲ್ಲೇ ಸ್ಟೂಲಿನ ಮೇಲೆ ಬೀದಿಗೆ ಮುಖ ಮಾಡಿ ಕೂತ. ಟೈಲರಕ್ಕ ಪುಸ್ತಕದಲ್ಲಿ ಹೊಸ ಹಾಳೆ ತೆಗೆದು ನಡುವೆ ಗೆರೆ ಎಳೆದು, ಎಡ, ಬಲ ಎಂದು ಬರೆದಳು. ಕತ್ತಿನ ಟೇಪು ಇಳಿಸಿದಳು.

"ಬಾರೇ ಇಲ್ಲಿ. ಕೈ ಎತ್ತು. ಅರ್ಧ ಅಲ್ಲ, ಪೂರ್ತಿ."

ಚಿಕ್ಕವಳು ಎರಡೂ ಕೈ ಎತ್ತಿದಳು. ಮೊಣಕೈವರೆಗೆ ಮೆತ್ತಿದ್ದ ಹಿಟ್ಟು ಒಣಗಿತ್ತು. ಅದು ಸಣ್ಣಗೆ ಉದುರಿ ಟೈಲರಕ್ಕನ ತಲೆಯ ಮೇಲೆ, ಬಿಚ್ಚಿಟ್ಟ ಹಾಳೆಯ ಮೇಲೆ ಬಿತ್ತು. ಅವಳು ಅದನ್ನು ಒರೆಸದೆ ಬಗ್ಗಿ ಟೇಪಿನ ಮೇಲಿನ ಅಂಕಿ ಓದತೊಡಗಿದಳು.