ಬಾಯಿ ತುಂಬ ಅಚ್ಚಿಟ್ಟು ಪಡೆದ ಒಪ್ಪಿಗೆ

ತಾನೊಂದು ಸಾಲ ಕೊಡುವ ಸಂಸ್ಥೆ ಎಂಬುದು ದಂತವೈದ್ಯೆಗೆ ಗೊತ್ತಾದದ್ದು ಟಪಾಲಿನಲ್ಲಿ. ಅದುವರೆಗೆ ಪಾಪ, ತನ್ನನ್ನು ಹಲ್ಲಿನ ಡಾಕ್ಟರು ಎಂದೇ ತಿಳಿದಿದ್ದಳು. ಎರಡು ಕೋಣೆ, ಒಂದು ಕುರ್ಚಿ, ಮುಂದಿನ ಮೇಜಿಗೆ ಸೋದರತ್ತೆ. ಅವಳ ಆಸ್ಪತ್ರೆ ಅಂದರೆ ಇಷ್ಟೇ. ಹಲ್ಲಿನ ಸೆಟ್ಟಿಗೆ ಒಂದೇ ಸಲ ದುಡ್ಡು ಹೊಂದಿಸಲಾಗದವರು ತಿಂಗಳು ತಿಂಗಳು ಕಟ್ಟುತ್ತಿದ್ದರು. ಹಾಗೆ ಕಂತು ಕಟ್ಟಿಸಿಕೊಳ್ಳುವವರೆಲ್ಲ ಹೊಸ ನಿಯಮದ ಪ್ರಕಾರ ಸಾಲ ಕೊಡುವವರಂತೆ. ಇನ್ನು ಮೇಲೆ ಪ್ರತಿ ರೋಗಿಗೂ ಎರಡು ಪುಟದ ಎಚ್ಚರಿಕೆ ಓದಿ ಹೇಳಿ, ಅವರ ಒಪ್ಪಿಗೆಯನ್ನು ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿಡಬೇಕು. ತಪ್ಪಿದರೆ ಕಂತು ಬಂದ್.

"ನೀನು ಬ್ಯಾಂಕಾದ್ರೆ ನಾನು ಮ್ಯಾನೇಜರು ತಾನೆ?" ಎಂದ ಅತ್ತೆ, ಅವತ್ತೇ ತನ್ನ ಮೇಜನ್ನು ಫ್ಯಾನಿನ ಕೆಳಗೆ ಎಳೆಸಿಕೊಂಡಳು.

ಎರಡು ಪುಟ ಓದಲು ನಾಲ್ಕು ನಿಮಿಷ ಬೇಕು. ಹೊರಗೆ ಕೆನ್ನೆ ಊದಿಸಿಕೊಂಡವರು ಸಾಲಾಗಿ ಕೂತಿರುವಾಗ ನಾಲ್ಕು ನಿಮಿಷ ಎಲ್ಲಿಂದ ತರುವುದು? ವೈದ್ಯೆ ತಲೆ ಓಡಿಸಿದಳು. ಸೆಟ್ಟಿನ ಅಳತೆಗೆಂದು ರೋಗಿಯ ಬಾಯಿಗೆ ಮೆತ್ತನೆಯ ಅಚ್ಚು ತುಂಬಿ, ಅದು ಗಟ್ಟಿಯಾಗುವವರೆಗೆ ಕಾಯಬೇಕಲ್ಲ, ಆ ನಾಲ್ಕು ನಿಮಿಷ ಸುಮ್ಮನೆ ದಂಡವಾಗುತ್ತಿತ್ತು. ಆಗ ಓದಿದಳು. ರೋಗಿಗಳೂ ಆಗಲೇ ಒಪ್ಪಿದರು. ಅದರಲ್ಲಿ ಎಡವಟ್ಟೇನೂ ಅವಳಿಗೆ ಕಾಣಲಿಲ್ಲ. ಹದಿನೆಂಟು ವರ್ಷದಿಂದ ಅವಳು ಮಾತಾಡಿಸಿದ್ದೆಲ್ಲ ಬಾಯಿ ತುಂಬಿದವರನ್ನೇ.

ಮೂರು ತಿಂಗಳಿಗೆ ರೆಕಾರ್ಡ್ ತಪಾಸಣೆಗೆ ಇನ್ಸ್‌ಪೆಕ್ಟರು ಬಂದರು. ತುಟಿ ಬಿಚ್ಚದೆ ನಗುವ ಸಣಕಲು ಮನುಷ್ಯ. ರೆಕಾರ್ಡ್ ಹಾಕಿಸಿ ಕಿವಿಗೊಟ್ಟರು.

"ಒಇಎ ಆಇ, ಏಅ ಉಇಉ."

"ಏನ್ರಿ ಇದು?"

"ಒಪ್ಪಿಗೆ, ಸಾರ್. 'ಒಪ್ಪಿದೆ ತಾಯಿ, ಬೇಗ ಮುಗಿಸು' ಅಂದಿದ್ದಾರೆ ನಮ್ಮ ಟೈಲರಮ್ಮ. ಆಮೇಲಿನದು ನಿಮ್ಮ ನಿಯಮಕ್ಕೆ ಬೈಗುಳ, ಅದು ಬೇಡ ಬಿಡಿ."

ಉಳಿದ ನಲವತ್ತೂ ಹಾಗೇ ಊಳಿಟ್ಟವು. ಇನ್ಸ್‌ಪೆಕ್ಟರು ರಿಜಿಸ್ಟರು ಮುಚ್ಚಿದರು. "ಒಂದೂ ನಡೆಯಲ್ಲ. ಕಂತು ಇವತ್ತಿಂದಲೇ ಬಂದ್."

ಟೈಲರಮ್ಮನಿಗೆ ಮೇಲಿನ ಸಾಲು ಹಲ್ಲು ಬಂದಿತ್ತು, ಕೆಳಗಿನದು ಬಾಕಿ. ಉಳಿದ ದುಡ್ಡನ್ನು ಒಟ್ಟಿಗೆ ತರಲು ಅವಳಿಗೆ ಈ ಜನ್ಮದಲ್ಲಿ ಆಗದು. ಅರ್ಧ ಬಾಯಿ ಇಟ್ಟುಕೊಂಡು ಅವಳು ಏನನ್ನು ಅಗಿಯಬೇಕು? ವೈದ್ಯೆಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

"ನನಗೆ ಅಕ್ಷರ ಅಕ್ಷರ ಅರ್ಥ ಆಗತ್ತೆ ಸಾರ್. ಬೇಕಾದ್ರೆ ಪರೀಕ್ಷೆ ಮಾಡಿ."

"ನನ್ನ ಬಾಯಿಗೆ ಹತ್ತಿ ತುಂಬಿ," ಎಂದು ಅತ್ತೆ ಮುಂದೆ ಬಂದಳು.

"ನೀವು ಮನೆಯವರು, ಮೊದಲೇ ಮಾತಾಡ್ಕೊಂಡಿರ್ತೀರಿ. ನಾನೇ ಹೇಳ್ತೀನಿ."

ಇನ್ಸ್‌ಪೆಕ್ಟರು ಎರಡೂ ಕೆನ್ನೆಗೆ ಹತ್ತಿ ತುರುಕಿಕೊಂಡರು. ಯಾವ ಜನ್ಮಕ್ಕೂ ಯಾರಿಗೂ ತಿಳಿಯದ ಮಾತೊಂದನ್ನು ಹುಡುಕಿದರು. ಸಿಕ್ಕಿತು. ಧೈರ್ಯವಾಗಿ ಹೇಳಿದರು.

"ಅಅ ಅಊ ಅಂಇಂಏ. ಇಊ ಎಅಉ ಆಇ."

ವೈದ್ಯೆ ಹೇಳಲೆಂದು ಬಾಯಿ ತೆರೆದವಳು, ಕಿವಿ ನಿಮಿರಿಸಿ ನಿಂತ ಅತ್ತೆಯ ಮುಖ ನೋಡಿ ಮುಚ್ಚಿದಳು. ಕೇಳಿದ್ದನ್ನು ಚೀಟಿಯೊಂದರ ಮೇಲೆ ಬರೆದು ಕೊಟ್ಟಳು. 'ನನ್ನ ಹಲ್ಲೂ ಕಂತಿಂದೇ. ಇನ್ನೂ ಎರಡು ಬಾಕಿ.' ಅದರ ಕೆಳಗೆ ತನ್ನ ಕಡೆಯಿಂದ ಒಂದು ಸಾಲು ಸೇರಿಸಿದ್ದಳು. 'ಅಲ್ಲಿ ನಿಮಗೆ ಎಚ್ಚರಿಕೆ ಓದಿ ಹೇಳಿದ್ರಾ ಸಾರ್?'

ಇನ್ಸ್‌ಪೆಕ್ಟರ ಕಿವಿ ಕೆಂಪಾಯಿತು. ಹತ್ತಿ ತೆಗೆಯುವುದನ್ನೂ ಮರೆತು ಚೀಟಿಯನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗೆ ಹಾಕಿಕೊಂಡರು. ಆಮೇಲೆ ರಿಜಿಸ್ಟರು ತೆರೆದು ನಲವತ್ತೊಂದು ಸಲವೂ 'ಒಪ್ಪಿಗೆ ಸ್ಪಷ್ಟವಾಗಿದೆ' ಎಂದು ಬರೆದು ರುಜು ಹಾಕಿದರು. ಹೊರಡುವಾಗ ಬಾಗಿಲಲ್ಲಿ ನಿಂತು "ಉಂಎ ಒಅಏ ಓಇ" ಎಂದರು.

"ಆಗಲಿ ಸಾರ್, ಇನ್ನು ಮೊದಲೇ ಓದ್ತೀನಿ," ಎಂದಳು ವೈದ್ಯೆ.

ಅತ್ತೆಗೆ ತಡೆಯಲಾಗಲಿಲ್ಲ. "ಮೊದಲು ಏನಂದ್ನೇ ಆ ಮನುಷ್ಯ?"

"ಹತ್ತಿ ಇಟ್ಕೊಂಡು ಹೇಳಿದ್ದನ್ನ ಹೊರಗೆ ಹೇಳೋ ಹಾಗಿಲ್ಲ ಅತ್ತೆ," ಎನ್ನುತ್ತ ವೈದ್ಯೆ, ಕೆಳಗಿನ ಸಾಲಿಗೆ ನಾಳೆಯೇ ಬರುವಂತೆ ಟೈಲರಮ್ಮನಿಗೆ ಫೋನ್ ಹಚ್ಚಿದಳು.